ಮಾಳಿಗಿ ಮೇಲೆ ಗಿಟಾರು

ಎಳ್ಳ ಅಮಾಸಿ ಕಳೆದು ತೊಗರಿ ರಾಶಿ ಜೋರಾಗಿದ್ದ ದಿನಗಳು. ಕಲಬುರಗಿ ಸೀಮೆಯ ಚಂದಾಪುರದ ಚಹಾದಂಗಡಿಯೊಂದರಲ್ಲಿ ಸಂಜೆ ಕೂತಿದ್ದೆ. ತೊಗರಿ ಚೀಲ ಹೇರಿಕೊಂಡ ಟ್ರ್ಯಾಕ್ಟರೊಂದು ಅಂಗಡಿ ಮುಂದೆ ಬಂದು ನಿಂತಿತು. ಇಂಜಿನ್ ಬಂದ್ ಆಯಿತು, ಹಾಡು ಬಂದ್ ಆಗಲಿಲ್ಲ. ಮಡ್‌ಗಾರ್ಡಿಗೆ ಕಟ್ಟಿದ್ದ ಎರಡು ಸ್ಪೀಕರುಗಳಿಂದ ಡ್ರಮ್ಮಿನ ಏಟು, ಅದರ ಬೆನ್ನಿಗೆ ಗಿಟಾರಿನ ಸದ್ದು, ಆ ಸದ್ದನ್ನು ಸೀಳಿಕೊಂಡು ಬಂದ ರಘು ದೀಕ್ಷಿತರ ದನಿ. ಹಾಡು ‘ಲೋಕದ ಕಾಳಜಿ’. ಓಡಿಸುತ್ತಿದ್ದ ಹುಡುಗನಿಗೆ ಹತ್ತೊಂಬತ್ತೋ ಇಪ್ಪತ್ತೋ ವರ್ಷ ಇರಬೇಕು. ಸ್ಟೇರಿಂಗಿನ ಮೇಲೆ ಬೆರಳಾಡಿಸುತ್ತ ಇಳಿಯದೆ ಕೂತಿದ್ದ.

ನನ್ನ ಪಕ್ಕದಲ್ಲಿ ಒಬ್ಬ ಮುತ್ಯಾ ಬಶಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದರು. ನಮ್ಮ ಕಡೆಯ ಭಜನಾ ಮೇಳದಲ್ಲಿ ನಾಲ್ಕು ದಶಕ ದಮ್ಮಡಿ ಬಾರಿಸಿದವರು. ಅವರು ಸದ್ದು ತಗ್ಗಿಸಲು ಹೇಳುತ್ತಾರೆಂದು ಕಾದೆ. ಅವರು ಬಶಿ ಕೆಳಗಿಟ್ಟು ಹಲಗೆಯ ಮೇಲೆ ಎರಡು ಬೆರಳಿನಿಂದ ಏಟು ಹಾಕತೊಡಗಿದರು. ಡ್ರಮ್ಮಿನ ಏಟು ಬಿದ್ದಲ್ಲೇ ಇವರದೂ ಬಿತ್ತು. ಎರಡನೇ ನುಡಿಗೆ ಗಾಯಕನಿಗಿಂತ ಒಂದು ಉಸಿರು ಮೊದಲೇ ಪದ ಹಿಡಿದರು. ಹಾಡು ಮುಗಿದ ಮೇಲೆ ಯಾರನ್ನೂ ನೋಡದೆ ಹೇಳಿದರು: “ಇಂವಗ ಸಿಟ್ಟ ಬಂದದ ನೋಡ್ರಿ. ಈ ಪದ ಸಿಟ್ಟಿಲೇ ಹಾಡಬೇಕು.”

ಆ ಮಾತು ಅಂದಿನಿಂದ ನನ್ನ ತಲೆಯಲ್ಲಿ ಕೂತಿದೆ. ಶಿಶುನಾಳ ಶರೀಫರ ಪದವೊಂದು ರಾಕ್ ಹಾಡಾಗಿ ಊರೂರು ಮುಟ್ಟಿದ ಕಥೆಯನ್ನು ಬೆಂಗಳೂರಿನ ಪತ್ರಿಕೆಗಳಲ್ಲಿ, ಇಂಗ್ಲೆಂಡಿನ ವೇದಿಕೆಗಳ ವರದಿಗಳಲ್ಲಿ ಓದಿದ್ದೆ. ಹಳೆಯದನ್ನು ಹೊಸ ಪೀಳಿಗೆಗೆ ಮುಟ್ಟಿಸಿದರು, ಕನ್ನಡವನ್ನು ಜಗತ್ತಿಗೆ ಒಯ್ದರು ಎಂಬ ಹೊಗಳಿಕೆ ಎಲ್ಲ ಕಡೆ ಇತ್ತು. ಮುತ್ಯಾ ಹೇಳಿದ್ದು ಬೇರೆಯೇ ಸಂಗತಿ. ಆ ಪದದಲ್ಲಿ ಮೊದಲಿನಿಂದಲೂ ಒಂದು ಸಿಟ್ಟಿತ್ತು, ನಡುವೆ ಎಲ್ಲೋ ತಣ್ಣಗಾಗಿತ್ತು, ಈಗ ವಾಪಸ್ ಬಂದಿದೆ ಎಂಬುದು ಅವರ ಮಾತಿನ ತಾತ್ಪರ್ಯ. ಈ ಹಾಡಿನ ಹಿನ್ನೆಲೆಯನ್ನು ಹುಡುಕುತ್ತ ಹೋದಷ್ಟೂ ಅವರು ಹೇಳಿದ್ದೇ ಸರಿ ಎನಿಸುತ್ತ ಬಂತು.

ಪದ ಏನು ಹೇಳುತ್ತದೆ ನೋಡಿ. ಲೋಕದ ಚಿಂತೆ ಹೊತ್ತಿದ್ದೇನೆ ಎನ್ನುವವನನ್ನು ಶರೀಫರು ಎದುರಿಗೆ ನಿಲ್ಲಿಸಿಕೊಂಡು ಮಾತಾಡಿಸುತ್ತಾರೆ. ಮಾಡಪ್ಪಾ, ಯಾರು ಬೇಡ ಅಂದರು ಎನ್ನುತ್ತಾರೆ. ನೀನು ಮಾಡುವುದು ಗಳಿಗೆ ಹೊತ್ತಿನ ಸಂತೆ, ಅಷ್ಟರಲ್ಲಿ ಮೇಲೆ ಮಾಳಿಗೆ ಕಟ್ಟಬೇಕು ಅಂತೀ, ಆನೆಯ ಮೇಲೆ ಅಂಬಾರಿ ಏರಬೇಕು ಅಂತೀ, ಕೊನೆಗೆ ಇಳಿಯುವುದು ಮಣ್ಣಿಗೆ ಎಂಬುದನ್ನೇ ಮರೆತೀ. ಕೂಡಿಟ್ಟದ್ದು ಸಾಲದು ಎಂದು ಗೋಳಾಡುವವನಿಗೆ ಕದ ತೆರೆದು ಹೋಗುವ ಹೊತ್ತಿನಲ್ಲಿ ಯಾವುದೂ ಒದಗುವುದಿಲ್ಲ. ಹಲವು ಸಾಲುಗಳ ತುದಿಯಲ್ಲಿ ಒಂದು ‘ಅಂತಿ’ ಬಂದು ಬಡಿಯುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ತಾಯಂದಿರು ಮಕ್ಕಳನ್ನು ಬಯ್ಯುವ ಧಾಟಿ ಇದು. ಊಟ ಬ್ಯಾಡ ಅಂತಿ, ಸಾಲಿ ಬ್ಯಾಡ ಅಂತಿ, ಮತ್ತೇನ ಮಾಡತಿ? ಈ ಬಯ್ಗುಳದಲ್ಲಿ ಪ್ರೀತಿ ಇದೆ, ಸಹನೆ ಇಲ್ಲ. ಇದನ್ನು ಕಣ್ಣು ಮುಚ್ಚಿ, ಹಾರ್ಮೋನಿಯಂ ಶ್ರುತಿಗೆ ತಲೆದೂಗುತ್ತ ಹಾಡಿದರೆ ಅರ್ಧ ಅರ್ಥ ಕಳೆದುಹೋಗುತ್ತದೆ.

ಶರೀಫರು 1819ರಲ್ಲಿ ಹುಟ್ಟಿದವರು, 1889ರಲ್ಲಿ ತೀರಿಕೊಂಡವರು. ಇಂದಿನ ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ ಅವರ ಊರು. ಕೆಲಕಾಲ ಶಾಲಾ ಮಾಸ್ತರರಾಗಿದ್ದರು. ಗುರು ಕಳಸದ ಗೋವಿಂದ ಭಟ್ಟರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು; ಇಬ್ಬರನ್ನೂ ಅವರವರ ಕಡೆಯವರು ಅನುಮಾನದಿಂದ ನೋಡಿದ ಕಥೆಗಳು ಇಂದಿಗೂ ಊರೂರಲ್ಲಿ ಓಡಾಡುತ್ತವೆ. ಮೊಹರಂಗೆ ರಿವಾಯತ್ ಪದಗಳನ್ನೂ ಕಟ್ಟಿದರು, ದೇವಿಯ ಮೇಲೂ ಕಟ್ಟಿದರು. ಬರೆದು ಪುಸ್ತಕ ಮಾಡಿದವರಲ್ಲ, ಹಾಡಿದರು, ಜನ ನೆನಪಿಟ್ಟುಕೊಂಡರು. ಹಾಗೆ ಬಾಯಿಂದ ಬಾಯಿಗೆ ನಡೆದ ಪದಗಳಿಗೆ ಒಂದೇ ಧಾಟಿ ಎಂಬುದಿಲ್ಲ. ನಮ್ಮ ಭಾಗದ ಭಜನೆಯಲ್ಲಿ ಒಂದೇ ಶರೀಫ ಪದವನ್ನು ಮೂರು ಊರಿನ ಮೇಳಗಳು ಮೂರು ಮಟ್ಟಿನಲ್ಲಿ ಹೇಳುವುದನ್ನು ಕೇಳಿದ್ದೇನೆ. ರಾಕ್ ಧಾಟಿ ಬಂದಾಗ ‘ಮೂಲ ಮಟ್ಟು ಕೆಡಿಸಿದರು’ ಎಂದು ಆಕ್ಷೇಪಿಸಿದವರು ಈ ಪದಗಳ ಬದುಕನ್ನು ಹತ್ತಿರದಿಂದ ನೋಡಿದವರಲ್ಲ.

ಊರಿನ ಭಜನೆಯಿಂದ ಇಡೀ ನಾಡಿನ ಕಿವಿಗೆ ಶರೀಫರನ್ನು ತಂದ ಕೀರ್ತಿ ಇಬ್ಬರದು. ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಪದಗಳನ್ನು ಆರಿಸಿ ಕೊಟ್ಟರು. ಈ ಕೆಲಸಕ್ಕೇ ಅವರಿಗೆ ‘ಷರೀಫ ಭಟ್ಟರು’ ಎಂಬ ಪ್ರೀತಿಯ ಹೆಸರು ಬಂತು. ಸಿ. ಅಶ್ವತ್ಥ್ ಅವಕ್ಕೆ ರಾಗ ಹಾಕಿ ಹಾಡಿದರು. 1990ರಲ್ಲಿ ಟಿ. ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಬಂತು. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿ ನಟಿಸಿದ ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಸಿಕ್ಕಿತು. ಆ ಹಾಡುಗಳ ಕ್ಯಾಸೆಟ್ಟು ನಮ್ಮ ಮನೆಯಲ್ಲೂ ಇತ್ತು. ಟೇಪು ಸಿಕ್ಕಿಹಾಕಿಕೊಂಡಾಗಲೆಲ್ಲ ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ಕೊನೆಗೆ ಅದು ಅಳುವ ದನಿಯಲ್ಲಿ ಹಾಡುವಷ್ಟು ಸವೆಯಿತು.

ಅಶ್ವತ್ಥ್ ಅವರ ಬಗ್ಗೆ ಒಂದು ಮಾತನ್ನು ನಾನು ಒತ್ತಿ ಹೇಳಲೇಬೇಕು. ಕನ್ನಡದಲ್ಲಿ ರಾಕ್ ಗಾಯಕನ ಎದೆ ಇದ್ದ ಮೊದಲಿಗರು ಅವರೇ. ಬೆಂಗಳೂರಿನ ಐಟಿಐ ಕಾರ್ಖಾನೆಯ ನೌಕರ, ಕೈಯಲ್ಲಿ ಹಾರ್ಮೋನಿಯಂ. ತಾರಸ್ಥಾಯಿಗೆ ಹೋದಾಗ ಕಂಠದ ನರ ಉಬ್ಬಿ, ದನಿ ಒಡೆಯುವ ಅಂಚಿಗೆ ಬಂದು ನಿಲ್ಲುತ್ತಿತ್ತು. ಒಡೆಯಲಿ ಎಂದು ಹೆದರದೆ ಅಲ್ಲೇ ನಿಂತು ಹಾಡುತ್ತಿದ್ದರು. ಇಂಪಾಗಿ ಹಾಡುವುದು ಅವರಿಗೆ ಗುರಿಯೇ ಆಗಿರಲಿಲ್ಲ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆಸಿದಾಗ ಭಾವಗೀತೆ ಕೇಳಲು ಜನಸಾಗರವೇ ಬಂತು. ಎರಡು ವರ್ಷದ ಮೇಲೆ, 2007ರ ಮಾರ್ಚ್‌ನಲ್ಲಿ, ಅದೇ ಅರಮನೆ ಮೈದಾನಕ್ಕೆ ಇಂಗ್ಲೆಂಡಿನ ಐರನ್ ಮೇಡನ್ ತಂಡ ಬಂದು ಹೆವಿ ಮೆಟಲ್ ನುಡಿಸಿತು. 2011ರ ಅಕ್ಟೋಬರ್‌ನಲ್ಲಿ ಅಮೆರಿಕದ ಮೆಟಾಲಿಕಾ ಬಂತು. ಒಂದೇ ನೆಲ ಮೂರು ಗುಡುಗು ಕೇಳಿತು. ಮೊದಲನೆಯದು ನಮ್ಮದೇ ಎಂಬ ಹೆಮ್ಮೆ ನನಗಿದೆ. ಅಶ್ವತ್ಥ್ 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ತೀರಿಕೊಂಡರು.

ಅವರು ಹಾಡಿ ಹರಡಿದ ಮೇಲೆ ಶರೀಫರ ಪದಗಳಿಗೆ ಏನಾಯಿತು ಎಂದು ನಾವೆಲ್ಲ ನೋಡಿದ್ದೇವೆ. ಶಾಲೆ ವಾರ್ಷಿಕೋತ್ಸವಕ್ಕೆ, ರಾಜ್ಯೋತ್ಸವಕ್ಕೆ, ಗಾಯನ ಸ್ಪರ್ಧೆಗೆ ಅವು ಹೋದವು. ಕೀಬೋರ್ಡಿನ ಮೆತ್ತನೆ ಹಾಸಿನ ಮೇಲೆ, ಸಾಲಾಗಿ ನಿಂತ ಮಕ್ಕಳ ಬಾಯಲ್ಲಿ, ಎಲ್ಲ ಪದಗಳೂ ಒಂದೇ ತರಹ ಕೇಳತೊಡಗಿದವು. ನಾನು ಓದುವಾಗ ಒಂದು ಕಾರ್ಯಕ್ರಮಕ್ಕೆ ‘ಸೋರುತಿಹುದು ಮನಿಯ ಮಾಳಿಗಿ’ ಹೇಳಬೇಕಿತ್ತು. ತಯಾರಿ ಮಾಡಿಸಿದವರು ‘ಮನಿ’ ಅಲ್ಲ ‘ಮನೆ’, ‘ಮಾಳಿಗಿ’ ಅಲ್ಲ ‘ಮಾಳಿಗೆ’ ಎಂದು ತಿದ್ದಿದರು, ನಾಲ್ಕು ಸಲ ಹೇಳಿಸಿದರು. ಮನೆಗೆ ಬಂದು ಹಾಗೇ ಹಾಡಿದೆ. ನಮ್ಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಯಾರ ಮನಿ ಹಾಡೋ ಇದು?” ಎಂದು ಕೇಳಿದಳು.

ಹೀಗಿರುವಾಗ ಮೈಸೂರಿನಲ್ಲಿ ಬೆಳೆದ ಒಬ್ಬ ಹುಡುಗ ಗಿಟಾರು ಹಿಡಿದ. ರಘು ದೀಕ್ಷಿತ್ ಮೈಸೂರು ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ ಚಿನ್ನದ ಪದಕ ಪಡೆದವರು, ಭರತನಾಟ್ಯ ಕಲಿತವರು. ಗಿಟಾರು ಕೈಗೆ ಬಂದದ್ದು ಕಾಲೇಜಿನಲ್ಲಿ ಗೆಳೆಯನೊಬ್ಬನ ಜತೆ ಕಟ್ಟಿದ ಪಂತದಿಂದ. ಮೊದಲು ‘ಅಂತರಾಗ್ನಿ’ ಎಂಬ ತಂಡ, ಆಮೇಲೆ ರಘು ದೀಕ್ಷಿತ್ ಪ್ರಾಜೆಕ್ಟ್. ಬೇಸ್ ಗಿಟಾರಿಗೆ ಗೌರವ್ ವಾಜ್, ಎಲೆಕ್ಟ್ರಿಕ್ ಗಿಟಾರಿಗೆ ವಿಜಯ್ ಜೋಸೆಫ್. ವರ್ಷಗಟ್ಟಲೆ ಯಾವ ಕಂಪನಿಯೂ ಅವರ ಆಲ್ಬಂ ತರಲು ಮುಂದೆ ಬರಲಿಲ್ಲ. ಕೊನೆಗೆ ಮುಂಬೈಯಲ್ಲಿ ಅವರ ಹಾಡು ಕೇಳಿದ ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿ 2008ರಲ್ಲಿ ತಾವೇ ಹೊರತಂದರು. ಆ ಮೊದಲ ಆಲ್ಬಂನಲ್ಲಿ ಹಿಂದಿ ಇತ್ತು, ಇಂಗ್ಲಿಷ್ ಇತ್ತು, ನಡುವೆ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’ ಇದ್ದವು. ‘ಲೋಕದ ಕಾಳಜಿ’ 2013ರ ‘ಜಗ್ ಚಂಗಾ’ ಆಲ್ಬಂನಲ್ಲಿ ಅಚ್ಚಾಯಿತು. ಆ ಹೊತ್ತಿಗಾಗಲೇ ಅದು ವೇದಿಕೆಗಳ ಮೇಲೆ ಜನರ ಹಾಡಾಗಿತ್ತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ತಂಡ ಹಾಡಿತು, 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ ಬಂತು.

ನನ್ನ ಮಟ್ಟಿಗೆ ಪ್ರಶಸ್ತಿಗಳಿಗಿಂತ ದೊಡ್ಡ ಸುದ್ದಿ ಆಲ್ಬಂ ಹೊದಿಕೆಯ ಮೇಲಿತ್ತು. ಹಾಡಿನ ಹೆಸರು ‘ಮನಿಯ ಮಾಳಿಗಿ’ ಎಂದೇ ಇತ್ತು. ಮೈಸೂರಿನವರು ನಮ್ಮ ‘ಮನಿ’ಯನ್ನು ತಿದ್ದಲಿಲ್ಲ. ಬಣ್ಣದ ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿದ ಗಾಯಕ ನೆಗೆದು ನೆಗೆದು ಹಾಡುವಾಗ ಆ ಶಬ್ದಗಳ ಮೂಲೆಗಳು ಹಾಗೇ ಉಳಿದಿದ್ದವು. ಬೆಂಗಳೂರಿನ ಇಂಗ್ಲಿಷ್ ಕಾಲೇಜುಗಳ ಹುಡುಗ ಹುಡುಗಿಯರು ‘ಬ್ಯಾಡ’ ಎಂದು ಒಕ್ಕೊರಲಿನಿಂದ ಕೂಗಿದರು. ನಮ್ಮ ಮಾತಿಗೆ ನಕ್ಕವರನ್ನು ಬಸ್ಸಿನಲ್ಲಿ, ಹಾಸ್ಟೆಲ್ಲಿನಲ್ಲಿ, ಕಚೇರಿಯಲ್ಲಿ ಕಂಡ ಈ ಭಾಗದ ಮಕ್ಕಳಿಗೆ ಆ ಕೂಗು ಏನಾಗಿತ್ತೆಂದು ಬಿಡಿಸಿ ಹೇಳುವುದು ಕಷ್ಟ. ಚಂದಾಪುರದಿಂದ ಬೆಂಗಳೂರಿಗೆ ಆರುನೂರು ಕಿಲೋಮೀಟರಿಗೂ ಹೆಚ್ಚು. ನಮಗೆ ಹತ್ತಿರದ ಮಹಾನಗರ ಹೈದರಾಬಾದು. 1948ರವರೆಗೆ ನಿಜಾಮರ ಸೀಮೆ, 1956ರಲ್ಲಿ ಕನ್ನಡ ನಾಡಿಗೆ ಸೇರಿದ್ದು. ಕಿವಿಯಲ್ಲಿ ಉರ್ದು, ತೆಲುಗು, ಲಂಬಾಣಿ, ಮರಾಠಿ ಎಲ್ಲ ಬೆರೆತ ಕನ್ನಡ. ಆ ‘ಕಾಳಜಿ’ ಎಂಬ ಶಬ್ದವೇ ಮರಾಠಿಯ ಜತೆ ಹಂಚಿಕೊಂಡದ್ದು. ಇಂಥ ಕನ್ನಡಕ್ಕೆ ಎಲೆಕ್ಟ್ರಿಕ್ ಗಿಟಾರಿನ ಪಕ್ಕ ತಲೆ ಎತ್ತಿ ನಿಲ್ಲುವ ಜಾಗ ಸಿಕ್ಕಿತು.

ಸಂಗೀತ ಬಲ್ಲವರು ಇದನ್ನು ಜನಪದ ರಾಕ್ ಎನ್ನುತ್ತಾರೆ. ಹಾರ್ಡ್ ರಾಕ್ ಎಂದರೆ ಇನ್ನೂ ಭಾರ, ಇನ್ನೂ ಗಡುಸು ಎಂದು ಗೆರೆ ಎಳೆಯುವವರಿದ್ದಾರೆ. ಆ ಗೆರೆಯ ಜಗಳ ಬೇಡ. ಆದರೆ ಏಕತಾರಿಯ ಪದ ಗಿಟಾರಿಗೆ ಇಷ್ಟು ಸಲೀಸಾಗಿ ಒಗ್ಗಿದ್ದು ಹೇಗೆ ಎಂಬುದು ಕೇಳಬೇಕಾದ ಪ್ರಶ್ನೆ. ಉತ್ತರ ಸ್ವರಗಳಲ್ಲೇ ಇದೆ.

ಹಾರ್ಡ್ ರಾಕ್ ನಿಂತಿರುವುದು ‘ಪವರ್ ಕಾರ್ಡ್’ ಎಂಬ ಒಂದು ಹಿಡಿತದ ಮೇಲೆ. ಕೇಳಲು ದೊಡ್ಡ ಹೆಸರು, ಒಳಗಿರುವುದು ಎರಡೇ ಸ್ವರ: ಷಡ್ಜ, ಪಂಚಮ. ಪಾಶ್ಚಾತ್ಯ ಸಂಗೀತದ ಮಾಮೂಲು ಕಾರ್ಡಿನಲ್ಲಿ ಇವೆರಡರ ನಡುವೆ ಗಾಂಧಾರವಿರುತ್ತದೆ. ಸಂತೋಷವೋ ದುಃಖವೋ ಎಂದು ಹೇಳುವುದು ಆ ಗಾಂಧಾರ. ಪವರ್ ಕಾರ್ಡಿನಲ್ಲಿ ಅದನ್ನು ತೆಗೆದುಬಿಡುತ್ತಾರೆ. ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ದುಡಿಸಿದಾಗ ಸದ್ದಿನ ಅಲೆಯ ತಲೆ ಕತ್ತರಿಸಿದಂತಾಗಿ, ಹೊಸ ಹೊಸ ಉಪಸ್ವರಗಳು ಹುಟ್ಟಿ ದನಿ ಗೊಗ್ಗರಾಗುತ್ತದೆ. ಆ ಗೊಗ್ಗರಿನಲ್ಲಿ ಗಾಂಧಾರ ಸೇರಿದರೆ ಕಲಸುಮೇಲೋಗರ. ಬರೀ ಸ–ಪ ಇದ್ದರೆ ಗೋಡೆಯಂತೆ ಗಟ್ಟಿ. ನಮ್ಮ ತಂಬೂರಿಯನ್ನು ಮೀಟಿ ನೋಡಿ, ಅಲ್ಲೂ ಪ–ಸ. ಏಕತಾರಿಯಲ್ಲಂತೂ ಒಂದೇ ತಂತಿ, ಒಂದೇ ಆಧಾರ. ಸುಖವನ್ನೂ ಹೇಳದೆ ದುಃಖವನ್ನೂ ಹೇಳದೆ ಹಾಡುವವನ ಬೆನ್ನ ಹಿಂದೆ ಸುಮ್ಮನೆ ನಿಲ್ಲುವ ಸ್ವರ. ಭಾವವೆಲ್ಲ ಪದದ್ದೇ ಆಗಲಿ ಎಂದು ಬಿಟ್ಟುಕೊಡುವ ಸ್ವರ. ತತ್ವಪದಕ್ಕೆ ಬೇಕಾದದ್ದು ಅದು. ರಾಕ್ ಗಿಟಾರು ಅದನ್ನೇ ದೊಡ್ಡದಾಗಿ ಕೊಟ್ಟಿತು.

ಇನ್ನೊಂದು ಸಂಗತಿ ಇದೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ದಾರದ ಎಳೆ ಇಟ್ಟು, ಹಿಂದೆ ಮುಂದೆ ಸರಿಸಿ ಒಂದು ಗುಂಯ್‌ಗುಟ್ಟುವಿಕೆಯನ್ನು ಹೊರಡಿಸುತ್ತಾರಲ್ಲ, ಅದಕ್ಕೆ ಜವಾರಿ ಎನ್ನುತ್ತಾರೆ. ತಂತಿ ಶುದ್ಧವಾಗಿ ನುಡಿಯಬಾರದು, ಸ್ವಲ್ಪ ಕೆರೆಯಬೇಕು. ಆಗಲೇ ಉಪಸ್ವರಗಳು ಎದ್ದು ದನಿಗೆ ಜೀವ ಬರುತ್ತದೆ. ಗಿಟಾರಿನ ಗೊಗ್ಗರೂ ಮಾಡುವುದು ಇದನ್ನೇ, ವಿದ್ಯುತ್ತಿನಿಂದ. ನಮ್ಮ ಕಡೆ ಜವಾರಿ ಎಂದರೆ ಹೈಬ್ರಿಡ್ ಅಲ್ಲದ್ದು, ನೆಲದ ಬೀಜದ್ದು. ಜವಾರಿ ಜೋಳ, ಜವಾರಿ ಕೋಳಿ. ಶಬ್ದಗಳೆರಡೂ ಒಂದೇ ಮೂಲದವೋ ಏನೋ, ಆ ಜಿಜ್ಞಾಸೆ ಪಂಡಿತರದು. ನನ್ನ ಕಿವಿಗೆ ಮಾತ್ರ ವಿಜಯ್ ಜೋಸೆಫರ ಗಿಟಾರು ಜವಾರಿಯಾಗಿಯೇ ಕೇಳುತ್ತದೆ.

ಹಳ್ಳಿಯ ಕಷ್ಟದ ಹಾಡು ಹಾರ್ಡ್ ರಾಕ್ ಆಗಿ ಲೋಕ ಸುತ್ತಿದ್ದು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದಲ್ಲಿ 1927ರಲ್ಲಿ ಮಿಸಿಸಿಪ್ಪಿ ನದಿ ಒಡ್ಡು ಒಡೆದು ಊರುಗಳನ್ನು ಮುಳುಗಿಸಿತು. ಎರಡು ವರ್ಷದ ಮೇಲೆ ಮೆಂಫಿಸ್ ಮಿನ್ನಿ ಮತ್ತು ಕಾನ್ಸಾಸ್ ಜೋ ಎಂಬ ಕಪ್ಪು ದಂಪತಿ ಎರಡು ಗಿಟಾರು ಹಿಡಿದು ಒಡ್ಡು ಒಡೆಯುವ ಭಯದ ಮೇಲೆ ಒಂದು ಬ್ಲೂಸ್ ಹಾಡು ಹೇಳಿದರು. 1971ರಲ್ಲಿ ಇಂಗ್ಲೆಂಡಿನ ಲೆಡ್ ಜೆಪ್ಪೆಲಿನ್ ತಂಡ ಅದನ್ನೇ ಎತ್ತಿಕೊಂಡಿತು. ಒಂದು ಹಳೆಯ ಬಂಗಲೆಯ ಮೆಟ್ಟಿಲ ಬುಡದಲ್ಲಿ ಜಾನ್ ಬೊನಮ್ ಡ್ರಮ್ ಬಾರಿಸಿದರು, ಮೈಕುಗಳನ್ನು ಮೇಲಿನ ಅಂತಸ್ತಿನಿಂದ ಇಳಿಬಿಟ್ಟರು. ಮನೆಯೇ ವಾದ್ಯವಾದಂತೆ ಆ ಸದ್ದು ಕೇಳುತ್ತದೆ. ಮಿನ್ನಿಯ ಹಾಡಿನಲ್ಲಿ ನೀರಿನ ಭಯವಿದೆ. ಬೊನಮ್ಮರ ಡ್ರಮ್ಮಿನಲ್ಲಿ ನೀರೇ ಬರುತ್ತದೆ. ಎರಡನ್ನೂ ಕೇಳಬೇಕು, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ನಮ್ಮ ಮುತ್ಯಾನ ದಮ್ಮಡಿಯ ಪಕ್ಕ ಟ್ರ್ಯಾಕ್ಟರಿನ ಸ್ಪೀಕರನ್ನು ನಾನು ಇಟ್ಟು ನೋಡುವುದೂ ಹೀಗೆಯೇ.

ಮಾಳಿಗಿಯ ಮಾತಿಗೆ ಬರುತ್ತೇನೆ. ದಕ್ಷಿಣದ ಓದುಗರಿಗೆ ಮಾಳಿಗೆ ಎಂದರೆ ಮಹಡಿ, ಸಿರಿವಂತಿಕೆ. ನಮ್ಮಲ್ಲಿ ಮಾಳಿಗಿ ಎಂದರೆ ಮಣ್ಣಿನ ಚಾವಣಿ. ಗೋಡೆಯಿಂದ ಗೋಡೆಗೆ ತೊಲಿ, ತೊಲಿಯಿಂದ ತೊಲಿಗೆ ಜಂತಿ, ಅದರ ಮೇಲೆ ಕಟ್ಟಿಗೆ ಚಕ್ಕೆ, ಸೊಪ್ಪು, ಎಲ್ಲದರ ಮೇಲೆ ಮೊಳದುದ್ದ ಸವಳು ಮಣ್ಣು. ಶಹಾಬಾದ್ ಕಲ್ಲು ಸುಲಭಕ್ಕೆ ಸಿಗುವ ಊರುಗಳಲ್ಲಿ ಮಣ್ಣಿನ ಬದಲು ಫರಸಿ ಹೊಚ್ಚುತ್ತಾರೆ. ಪ್ರತಿ ವರ್ಷ ಮುಂಗಾರಿಗೆ ಮೊದಲು ಮಾಳಿಗಿ ಏರಿ, ಹುಲ್ಲು ಕಿತ್ತು, ಇಲಿ ಬಿಲ ಮುಚ್ಚಿ, ಹೊಸ ಮಣ್ಣು ಹಾಕಿ ಧಮ್ಮಸು ಮಾಡಬೇಕು. ಒಂದು ವರ್ಷ ಮೈಗಳ್ಳತನ ಮಾಡಿದರೆ ಆಷಾಢದ ರಾತ್ರಿ ಬೋಗುಣಿ, ತಂಬಿಗೆ, ಕೊಡ ಎಲ್ಲ ಹಾಸಿಗೆಯ ಪಕ್ಕ ಸಾಲಾಗಿ ಕೂರುತ್ತವೆ. ಹನಿ ಬೀಳುವ ಪಾತ್ರೆಗೊಂದು ಸ್ವರ. ಶರೀಫರು ಸೋರುವ ಮಾಳಿಗಿಯನ್ನು, ಹುಳ ಹಿಡಿದ ಜಂತಿಯನ್ನು, ಮುರುಕು ತೊಲಿಯನ್ನು ದೇಹಕ್ಕೂ ಅಜ್ಞಾನಕ್ಕೂ ಹೋಲಿಸಿ ಹಾಡಿದಾಗ, ಆ ಹೋಲಿಕೆ ಕೇಳುವವರ ತಲೆಯ ಮೇಲೇ ಇತ್ತು. ಹಾಡುತ್ತಿದ್ದ ಮನೆಯೂ ಸೋರುತ್ತಿತ್ತು.

2020ರ ಅಕ್ಟೋಬರ್ ಮಳೆಗೆ ನಮ್ಮ ಕಡೆಯ ಮುಲ್ಲಾಮಾರಿ, ಕಾಗಿಣಾ ನದಿಗಳೆರಡೂ ಉಕ್ಕಿದವು. ಮಣ್ಣಿನ ಮನೆಗಳು ಬಿದ್ದವು. ಮರುವರ್ಷ, 2021ರ ಅಕ್ಟೋಬರ್‌ನಲ್ಲಿ, ಇನ್ನೊಂದು ಆಪತ್ತು ಬಂತು. ನಮ್ಮ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತಮುತ್ತ ಭೂಮಿಯೊಳಗಿಂದ ಸದ್ದು ಬರುವುದು ಹೊಸದಲ್ಲ, ಊರಿನವರು ವರ್ಷಗಳಿಂದ ಹೇಳುತ್ತಲೇ ಇದ್ದರು. ಆ ತಿಂಗಳು ಭೂಮಿ ಮೇಲಿಂದ ಮೇಲೆ ನಡುಗಿತು. ಒಂದು ರಾತ್ರಿ ಕಂಪನದ ತೀವ್ರತೆ 4ನ್ನೂ ದಾಟಿತು. ಹೈದರಾಬಾದಿನ ರಾಷ್ಟ್ರೀಯ ಭೂಭೌತಿಕ ಸಂಶೋಧನಾ ಸಂಸ್ಥೆಯವರು ಬಂದು ಯಂತ್ರ ಕೂರಿಸಿದರು. ಜನ ಮನೆ ಬಿಟ್ಟು ಅಂಗಳದಲ್ಲಿ, ರಸ್ತೆಯ ಮೇಲೆ, ಆಮೇಲೆ ತಗಡಿನ ಶೆಡ್ಡುಗಳಲ್ಲಿ ಮಲಗಿದರು.

ಸಂಬಂಧಿಕರನ್ನು ಮಾತಾಡಿಸಲು ನಾನೂ ಹೋಗಿದ್ದೆ. ಚಾಪೆಗಳ ಸಾಲು, ಸೊಳ್ಳೆಗೆ ಹಾಕಿದ ಬೇವಿನ ಹೊಗೆ. ಹುಡುಗನೊಬ್ಬ ಹೊತ್ತು ಕಳೆಯಲೆಂದು ಮೊಬೈಲಿನಲ್ಲಿ ಹಾಡು ಹಾಕಿದ. ಬಂದದ್ದು ಇದೇ ತಂಡದ ‘ಸೋರುತಿಹುದು’. ಮೂಲೆಯಲ್ಲಿ ಮಲಗಿದ್ದ ಆಯಿಯೊಬ್ಬಳು ಎದ್ದು ಕೂತು, “ಯಪ್ಪಾ, ಅದ ಬಂದ್ ಮಾಡೋ. ಈಗ ಮಾಳಿಗಿ ಹೆಸರ ತಗೀಬ್ಯಾಡ” ಎಂದಳು. ಹುಡುಗ ಬಂದ್ ಮಾಡಿದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಒಂದು ಹಾಡು ಇನ್ನೂ ಬದುಕಿದೆಯೋ ಇಲ್ಲವೋ ಎಂದು ನೋಡಬೇಕಾದರೆ ಚಪ್ಪಾಳೆ ಎಣಿಸುತ್ತೇವೆ, ಯೂಟ್ಯೂಬಿನ ಲೆಕ್ಕ ನೋಡುತ್ತೇವೆ. ನಿಲ್ಲಿಸು ಎಂದು ಬೇಡಿಕೊಳ್ಳುವಷ್ಟು ಹತ್ತಿರ ಬಂದ ಹಾಡನ್ನು ನಾನು ಕಂಡದ್ದು ಅದೊಂದೇ ಸಲ.

ಈ ಹಾಡುಗಳ ಬಗ್ಗೆ ಬರೆಯುವಾಗ ಒಂದು ಸಂಕಟ ನನ್ನನ್ನು ಬಿಡುವುದಿಲ್ಲ. ಶರೀಫರಿಗೆ ಕ್ಯಾಸೆಟ್ಟು ಸಿಕ್ಕಿತು, ಸಿನಿಮಾ ಸಿಕ್ಕಿತು, ಗಿಟಾರು ಸಿಕ್ಕಿತು. ನಮ್ಮ ಕಲಬುರಗಿ ಸೀಮೆಯ ತತ್ವಪದಕಾರರಿಗೆ ಅಷ್ಟು ಸಿಗಲಿಲ್ಲ. ಜೇವರ್ಗಿ ಕಡೆಯ ಕಡಕೋಳದ ಮಡಿವಾಳಪ್ಪ ಶರೀಫರಿಗಿಂತ ಹಿರಿಯರು. ಮಠದ ಸೋಗನ್ನು, ಜಾತಿಯ ಜಂಬವನ್ನು ಅವರಷ್ಟು ಒರಟಾಗಿ ಹಿಡಿದು ಕೇಳಿದವರು ಕಡಿಮೆ. ಅವರ ಶಿಷ್ಯರ ಸಾಲು ನೋಡಿ: ಚನ್ನೂರ ಜಲಾಲ ಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ. ಒಂದೇ ಗುರುವಿನ ಕೆಳಗೆ ಮುಸಲ್ಮಾನರಾದಿಯಾಗಿ ಬೇರೆ ಬೇರೆ ಜಾತಿಯವರು ಕೂತು ಪದ ಕಟ್ಟಿದರು. ಅವರ ಪದಗಳು ಇಂದಿಗೂ ಅಮಾಸಿ ಭಜನೆಯಲ್ಲಿ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಊರುಗಳಲ್ಲಿ ಬೆಳಗಿನ ಜಾವದವರೆಗೆ ನಡೆಯುತ್ತವೆ. ಶರೀಫರ ಒಂದು ಪದವಾದ ಮೇಲೆ ಕಡಕೋಳದ ಒಂದು, ಅದರ ಮೇಲೆ ಜಲಾಲ ಸಾಹೇಬರ ಒಂದು. ಹಾಡುವವರು ಭೇದ ಮಾಡುವುದಿಲ್ಲ. ರೆಕಾರ್ಡಿಂಗ್ ಸ್ಟುಡಿಯೋ ಇದ್ದ ಊರಿಗೆ ಹತ್ತಿರದವರಷ್ಟೇ ಜಗತ್ತಿಗೆ ಕೇಳಿದರು.

ಗಿಟಾರು ಕಲಿತ ಮಕ್ಕಳು ಈಗ ನಮ್ಮಲ್ಲೂ ಇದ್ದಾರೆ. ವಾಡಿಯ ಸಿಮೆಂಟ್ ಕಾರ್ಖಾನೆಯವರ ಮನೆಯ ಮಕ್ಕಳು, ಕಲಬುರಗಿಯ ಇಂಜಿನಿಯರಿಂಗ್ ಕಾಲೇಜಿನವರು. ಅವರಿಗೆ ನನ್ನದೊಂದೇ ಬಿನ್ನಹ. ಶರೀಫರ ಅದೇ ಐದು ಪದಗಳನ್ನು ಮತ್ತೆ ಹಾಡುವ ಮೊದಲು ಒಂದು ಅಮಾಸಿ ರಾತ್ರಿ ಯಾವುದಾದರೂ ಊರಿನ ಭಜನೆಗೆ ಬಂದು ಕೂಡಿರಿ. ಗಣಪತಿಯಿಂದ ಶುರುವಾಗಿ ಗುರುಸ್ತುತಿ ಮುಗಿಯುವವರೆಗೆ ನಿದ್ದೆ ಬರಬಹುದು. ಹನ್ನೆರಡು ಹೊಡೆದ ಮೇಲೆ ಬರುವ ಪದಗಳಿಗೆ ಬರುವುದಿಲ್ಲ.

ಹೋದ ಶ್ರಾವಣದಲ್ಲಿ ನಮ್ಮ ಮೇಳದವರು ಪಕ್ಕದ ಊರಿಗೆ ಭಜನೆಗೆ ಹೊರಟಿದ್ದರು. ಹೋದದ್ದು ಅದೇ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ, ಓಡಿಸಿದ್ದು ಅದೇ ಹುಡುಗ. ನಾನೂ ಹತ್ತಿದೆ. ದಾರಿಯಲ್ಲಿ ಜಡಿ ಮಳೆ ಹಿಡಿಯಿತು. ತಾಡಪತ್ರಿ ಹೊದ್ದರೂ ತೇವ ದಮ್ಮಡಿಯ ಚರ್ಮಕ್ಕೆ ಇಳಿದು, ಬಡಿದರೆ ಡಬ್ ಡಬ್ ಎಂದು ಸತ್ತ ಸದ್ದು. ಗುಡಿಯ ಮುಂದೆ ಇಳಿದಾಗ ಬೆಂಕಿ ಮಾಡೋಣವೆಂದರೆ ಒಣ ಕಟ್ಟಿಗೆ ಒಂದೂ ಇಲ್ಲ. ಒಳಗೆ ಜನ ಕಾಯುತ್ತಿದ್ದಾರೆ.

“ಮುತ್ಯಾ, ಇಲ್ಲಿ ಹಿಡೀರಿ” ಎಂದ ಹುಡುಗ. ಇಂಜಿನ್ ಇನ್ನೂ ಓಡುತ್ತಿತ್ತು. ಬಾನೆಟ್ಟಿನ ಮೇಲೆ ನೆಟ್ಟಗೆ ನಿಂತ ಸೈಲೆನ್ಸರಿನ ಕೊಳವೆ ಕಾದು ಮಳೆ ಹನಿಗೆ ಚುಯ್ ಎನ್ನುತ್ತಿತ್ತು. ಮುತ್ಯಾ ದಮ್ಮಡಿಯನ್ನು ಅದರ ಹತ್ತಿರ ಒಂದು ಗೇಣು ದೂರ ಹಿಡಿದು, ರೊಟ್ಟಿ ತಿರುವಿದಂತೆ ನಿಧಾನ ತಿರುಗಿಸಿದರು. ಬೆರಳಿನಿಂದ ಮುಟ್ಟಿ ನೋಡಿದರು, ಮತ್ತೆ ತಿರುಗಿಸಿದರು. ಹುಡುಗ ಹಾಡು ಬಂದ್ ಮಾಡಿ ಎಕ್ಸಲರೇಟರ್ ಸ್ವಲ್ಪ ಏರಿಸಿದ. ಮೂರು ಸಲ ಹೀಗಾಯಿತು. ನಾಲ್ಕನೆಯ ಸಲ ಬೆರಳು ಹಾಕಿದಾಗ ಚರ್ಮ ಠಣ್ ಎಂದಿತು, ಅಂಚಿನ ಗೆಜ್ಜೆ ಬಿಲ್ಲೆಗಳು ಒಟ್ಟಿಗೇ ಅಲುಗಿದವು.

“ಬಂತು” ಎಂದರು ಮುತ್ಯಾ. “ನಡಿ ತಮ್ಮಾ, ನೀನೂ ಬಾ ಒಳಗ. ಇವತ್ತ ಕಡಕೋಳದ್ದು ಹೇಳತೀನಿ, ಮೊಬೈಲದಾಗ ಹಿಡಕೊ.”